ಪ್ರಾಮಾಣಿಕನ ತಪ್ಪು ಮತ್ತು ಮನಶ್ಶಾಸ್ತ್ರದ ಪರೀಕ್ಷೆ

20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತ ಶಿಕ್ಷಕರಿದ್ದರು. ಅವರು ತಮ್ಮ ಹಾನ್ಸ್ ಎಂಬ ಕುದುರೆಗೆ ವರ್ಷಗಟ್ಟಲೆ ತಾಳ್ಮೆಯಿಂದ ಲೆಕ್ಕ ಕಲಿಸಿದರು. ಕೂಡುವ, ಕಳೆಯುವ ಪ್ರಶ್ನೆ ಕೇಳಿದರೆ ಕುದುರೆಯು ಗೊರಸನ್ನು ನೆಲಕ್ಕೆ ತಟ್ಟಿ ಉತ್ತರ ತಿಳಿಸುತ್ತಿತ್ತು. ಈ ವಿಸ್ಮಯವನ್ನು ನೋಡಲು ಬಂದವರಿಂದ ಓಸ್ಟೆನ್ ಅವರು ಹಣ ಪಡೆಯುತ್ತಿರಲಿಲ್ಲ. 1904ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಸ್ಟುಂಫ್ ಅವರ ನೇತೃತ್ವದ ಸಮಿತಿಯು ವಿಚಾರಣೆ ನಡೆಸಿ, ಇದರಲ್ಲಿ ಯಾವ ಮೋಸವೂ ಇಲ್ಲವೆಂದು ವರದಿ ಮಾಡಿತು. ಮೋಸ ನಿಜವಾಗಿಯೂ ಇರಲಿಲ್ಲ.

ಆದರೆ ಸ್ಟುಂಫ್ ಅವರ ಶಿಷ್ಯ ಓಸ್ಕರ್ ಫುಂಗ್ಸ್ಟ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಪ್ರಶ್ನೆ ಕೇಳುವವರಿಗೇ ಉತ್ತರ ತಿಳಿಯದಂತೆ ಅವರು ಏರ್ಪಾಡು ಮಾಡಿದರು. ಕುದುರೆಯ ಲೆಕ್ಕವೆಲ್ಲ ತಪ್ಪಿತು. ಕೇಳುವವರು ಕಾಣದಂತೆ ಅದರ ಕಣ್ಣಿಗೆ ಮರೆ ಕಟ್ಟಿದಾಗಲೂ ಹಾಗೆಯೇ ಆಯಿತು. ಪ್ರಶ್ನೆ ಕೇಳಿದವರು ಗೊರಸನ್ನು ನೋಡಲು ತುಸು ಬಾಗುತ್ತಿದ್ದರು. ಸರಿಯಾದ ಸಂಖ್ಯೆ ಬಂದೊಡನೆ ಅವರ ತಲೆ ತಮಗರಿಯದಂತೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಈ ಗುಟ್ಟು ತಿಳಿದ ಮೇಲೂ ಫುಂಗ್ಸ್ಟ್ ಅವರಿಗೆ ಆ ಚಲನೆಯನ್ನು ತಮ್ಮಲ್ಲಿಯೇ ತಡೆಯಲಾಗಲಿಲ್ಲ. 1907ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಓಸ್ಟೆನ್ ಅವರು ಇದನ್ನು ಕೊನೆಗೂ ಒಪ್ಪಲಿಲ್ಲ, 1909ರಲ್ಲಿ ತೀರಿಕೊಂಡರು.

ಸುಳ್ಳಾಡದವನೂ ತಪ್ಪನ್ನೇ ಸತ್ಯವೆಂದು ಸಾರಬಲ್ಲನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ. ಲೆಕ್ಕ ಬರೆದವನೇ ಅದರ ತಪಾಸಣೆ ಮಾಡಕೂಡದೆಂಬ ನಿಯಮ ವ್ಯಾಪಾರದಲ್ಲಿದೆ. ಗುಮಾಸ್ತನು ಕಳ್ಳನೆಂಬ ಶಂಕೆಯೊಂದೇ ಅದಕ್ಕೆ ಕಾರಣವಲ್ಲ. ತಾನು ಬರೆದ ತಪ್ಪು ತನ್ನ ಕಣ್ಣಿಗೆ ಬೀಳುವುದು ಕಷ್ಟ.

ಅಮೆರಿಕದ ರಾಬರ್ಟ್ ರೋಸೆಂತಾಲ್ ಮತ್ತು ಕರ್ಮಿಟ್ ಫೋಡ್ 1963ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ತೋರಿಸಿತು. ಸಾಮಾನ್ಯ ಇಲಿಗಳನ್ನೇ ಕೆಲವು ವಿದ್ಯಾರ್ಥಿಗಳಿಗೆ ಚುರುಕು ತಳಿಯವೆಂದೂ, ಉಳಿದವರಿಗೆ ಮಂದ ತಳಿಯವೆಂದೂ ಹೇಳಿ ಕೊಡಲಾಯಿತು. ಚುರುಕೆನಿಸಿಕೊಂಡ ಇಲಿಗಳೇ ಹೆಚ್ಚು ಚೆನ್ನಾಗಿ ದಾರಿ ಕಲಿತವು. ಆದುದರಿಂದಲೇ ಇಂದಿನ ಎಚ್ಚರಿಕೆಯ ಪ್ರಯೋಗಗಳಲ್ಲಿ, ಯಾರು ಯಾವ ಗುಂಪಿನವರೆಂಬುದನ್ನು ಅಳೆಯುವವರಿಂದ ಮರೆಮಾಡಲಾಗುತ್ತದೆ.

ಮಕ್ಕಳ ನೆನಪು, ಸ್ವಭಾವಗಳ ಬಗ್ಗೆ “ಸಂಶೋಧನೆಯಿಂದ ಸಿದ್ಧವಾಗಿದೆ” ಎಂಬ ಮಾತನ್ನು ನಂಬಿ ಮನೆಯ ನಡವಳಿಕೆಯನ್ನೇ ಬದಲಿಸುವ ತಂದೆತಾಯಿಗಳು ಮೊದಲು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ಜನರನ್ನು ಪರೀಕ್ಷಿಸಿದರು? ಬರಬೇಕಾದ ಉತ್ತರ ಅಳೆದವರಿಗೆ ಮೊದಲೇ ತಿಳಿದಿತ್ತೇ? ಬೇರೆಯವರು ಅದನ್ನು ಮತ್ತೆ ಮಾಡಿ ನೋಡಿದರೇ? ಈ ಕೊನೆಯ ಪ್ರಶ್ನೆ ಮನಶ್ಶಾಸ್ತ್ರಜ್ಞರನ್ನೇ ಕಂಗೆಡಿಸಿತು. 2015ರಲ್ಲಿ ಅವರದೇ ದೊಡ್ಡ ತಂಡವೊಂದು, ಹೆಸರಾಂತ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಪುನಃ ನಡೆಸಿದ ಫಲಿತಾಂಶವನ್ನು ಪ್ರಕಟಿಸಿತು. ಮೂಲದಲ್ಲಿ 97 ಅಧ್ಯಯನಗಳು ಗಣನೀಯ ಫಲಿತಾಂಶ ಕೊಟ್ಟಿದ್ದವು. ಪುನಃ ಮಾಡಿದಾಗ ನೂರಕ್ಕೆ ಸುಮಾರು 36 ಮಾತ್ರ ಹಾಗೆ ನಿಂತವು. ಉಳಿದವರೆಲ್ಲ ವಂಚಕರೆಂದು ಇದರ ಅರ್ಥವಲ್ಲ. ತಮ್ಮ ಶಾಸ್ತ್ರದ ಕುಂದನ್ನು ತಾವೇ ಅಚ್ಚು ಹಾಕಿಸಿದ ಆ ವಿದ್ವಾಂಸರ ಧೈರ್ಯ ಸಾಮಾನ್ಯವಾದುದಲ್ಲ.

ಏನನ್ನು ಅಳೆಯುತ್ತೇವೆ, ಹೇಗೆ ಅಳೆಯುತ್ತೇವೆ ಎಂಬುದನ್ನು ಪ್ರಯೋಗಕ್ಕೆ ಮುನ್ನವೇ ಬರೆದು ಒಪ್ಪಿಸುವ ಪದ್ಧತಿ ಈಚೆಗೆ ಬೆಳೆದಿದೆ. 2013ರಿಂದೀಚೆಗೆ ಕೆಲವು ಪತ್ರಿಕೆಗಳು ಆ ಯೋಜನೆಯನ್ನೇ ಪರಿಶೀಲಿಸಿ, ಫಲಿತಾಂಶ ಹೌದೆಂದು ಬರಲಿ ಅಲ್ಲವೆಂದು ಬರಲಿ, ಅಚ್ಚು ಹಾಕುವುದಾಗಿ ಮೊದಲೇ ಒಪ್ಪಿಗೆ ಕೊಡುತ್ತಿವೆ.