ಅಡಗಿದ ಕಡ್ಡಿ

ಬಾಲ್ಯದಲ್ಲಿ ನಮ್ಮ ಮನೆಯ ರೇಡಿಯೋದ ಉದ್ದನೆಯ ಕಡ್ಡಿಯನ್ನು ಎಳೆಯುವುದೆಂದರೆ ನನಗೆ ಬಲು ಹಿಗ್ಗು. ಇಂದು ಅಂಗೈಯಲ್ಲಿರುವ ಫೋನಿಗೆ ಅಂತಹ ಕಡ್ಡಿಯೇ ಕಾಣದು. ಅದೆಲ್ಲಿ ಅಡಗಿತು?

ರೇಡಿಯೋ ಅಲೆಯು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಆವೃತ್ತಿಯು 100 ಮೆಗಾಹರ್ಟ್ಸ್ ಆದರೆ ತರಂಗದೂರ 3 ಮೀಟರ್. ಅದರ ಕಾಲುಭಾಗ, ಎಂದರೆ 75 ಸೆಂಟಿಮೀಟರ್ ಉದ್ದದ ಕಡ್ಡಿಯು ಅದಕ್ಕೆ ಚೆನ್ನಾಗಿ ಓಗೊಡುತ್ತದೆ. 2,400 ಮೆಗಾಹರ್ಟ್ಸ್ ಅಲೆಗಾದರೋ ಸುಮಾರು 3 ಸೆಂಟಿಮೀಟರ್ ತಂತಿ ಸಾಕು.

ಅದನ್ನು ಇನ್ನೂ ಚಿಕ್ಕದಾಗಿಸುವೆನೆಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾನೊಮ್ಮೆ ಹಟ ತೊಟ್ಟೆ. ತಂತಿಯನ್ನು ಸುರುಳಿಯಾಗಿ ಸುತ್ತಿದೆ. ಒಂದು ಆವೃತ್ತಿಗೆ ಅದು ಸೊಗಸಾಗಿ ಓಗೊಟ್ಟಿತು. ತುಸು ಅತ್ತಿತ್ತ ಸರಿದರೆ ಮೂಕವಾಯಿತು. ಕೈಯನ್ನು ಹತ್ತಿರ ತಂದೊಡನೆ ಶ್ರುತಿ ತಪ್ಪಿತು. ಕೈಯಲ್ಲಿ ಹಿಡಿಯಲಾಗದ ಸಾಧನದಿಂದ ಏನು ಪ್ರಯೋಜನ? ನಾನು ಖಿನ್ನನಾದೆ.

ಅಧ್ಯಾಪಕರು ನಕ್ಕು, "ತಂತಿಯನ್ನು ಬಿಡಪ್ಪ, ತಗಡನ್ನು ಕತ್ತರಿಸು" ಎಂದರು. ಸುಮಾರು ಎರಡೂವರೆ ಸೆಂಟಿಮೀಟರ್ ಅಗಲದ ದುಂಡನೆಯ ತಾಮ್ರದ ಬಿಲ್ಲೆಯನ್ನು ಲೋಹದ ಹಾಳೆಯೊಂದರ ಮೇಲೆ, ಅದಕ್ಕೆ ತಾಗದಂತೆ, ನೆಟ್ಟಗೆ ನಿಲ್ಲಿಸಿದೆ. ಬಿಲ್ಲೆಯ ಬಾಗಿದ ಅಂಚಿನಲ್ಲಿ ಹಲವು ಅಲೆಗಳಿಗೆ ಎಡೆಯಿತ್ತು. ಸುಮಾರು 3,000ದಿಂದ 10,000 ಮೆಗಾಹರ್ಟ್ಸ್‌ವರೆಗೂ ಅದು ಓಗೊಟ್ಟಿತು!

ಅಲೆಗಿಂತ ತೀರ ಚಿಕ್ಕದಾದ ಆಂಟೆನಾದ ವ್ಯಾಪ್ತಿಗೆ ಮಿತಿಯುಂಟೆಂದು ಎಲ್. ಜೆ. ಚು ಎಂಬ ವಿಜ್ಞಾನಿ 1948ರಲ್ಲಿಯೇ ಗಣಿತದಿಂದ ತೋರಿಸಿದ್ದರು. ಚಿಕ್ಕತನ, ವ್ಯಾಪ್ತಿ, ದಕ್ಷತೆ ಈ ಮೂರನ್ನೂ ಪ್ರಕೃತಿಯು ಬೇಕಾದಷ್ಟು ಒಟ್ಟಿಗೆ ಕೊಡದು. ಆದುದರಿಂದಲೇ ಫೋನಿನ ಅಂಚುಗಳಲ್ಲಿ ಒಂದಲ್ಲ, ಹಲವು ಆಂಟೆನಾಗಳು ಅಡಗಿವೆ. ನನ್ನ ಹಟವು ಆ ಮಿತಿಯೊಡನೆ ಸೆಣಸಿ ಸೋತಿತು. ಮಿತಿಯನ್ನು ಅರಿತ ಬಳಿಕವೇ ನನ್ನ ಕೈಗೆ ದಾರಿ ತೋರಿತು.