ಆಡು ಬಿಟ್ಟು ಬರೆದ ಲೆಕ್ಕ

ಕಾಮರ್ಸ್ ಓದುವವರಿಗೆ ಮನೆಯಲ್ಲಿ ಒಂದು ಕೆಲಸ ತಪ್ಪಿದ್ದಲ್ಲ: ಯಾರದಾದರೂ ಲೆಕ್ಕ ಬರೆದುಕೊಡುವುದು. ಬಕ್ರೀದ್ ಮುಗಿದ ವಾರ ನನ್ನ ಚಾಚಾ ಹೊಸ ನೋಟ್‌ಬುಕ್ ಹಿಡಿದು ಬಂದರು. ಬಂಕಾಪುರದ ಹತ್ತಿರ ಅವರಿಗೆ ಮೂರು ಎಕರೆ ಹೊಲವಿದೆ, ಗೋವಿನಜೋಳ ಹಾಕುತ್ತಾರೆ. ಜೊತೆಗೆ ಸಂತೆಯಿಂದ ಸಂತೆಗೆ ಹೋಗಿ ಆಡು ಕೊಂಡು ಮಾರುತ್ತಾರೆ. "ಬೇಟಾ, ಹೊಲದ ಲೆಕ್ಕ ಅಷ್ಟೇ ಬರಿ. ಆಡಿಂದು ಬೇಡ" ಅಂದರು. ನಾನು ಎರಡು ಪುಟ ಬರೆದೂಬಿಟ್ಟೆ. ಅಕ್ಷರ ಚೆನ್ನಾಗಿದೆ ಎಂದು ಐವತ್ತು ರೂಪಾಯಿ ಕೊಟ್ಟರು.

ಯಾತಕ್ಕೆ ಆ ಲೆಕ್ಕ ಎಂದು ಅಮ್ಮಿ ರಾತ್ರಿ ಹೇಳಿದರು. ಚಾಚಾಗೆ ಮೊದಲ ಮದುವೆಯಿಂದ ಒಬ್ಬಳು ಮಗಳಿದ್ದಾಳೆ. ತಲಾಖ್ ಆದಮೇಲೆ ತಾಯಿಯ ಜೊತೆ ಸವಣೂರಿನಲ್ಲಿದ್ದಾಳೆ, ಒಂಬತ್ತನೇ ತರಗತಿ. ಅವಳ ಖರ್ಚಿಗಾಗಿ ತಾಯಿ ಕೋರ್ಟಿಗೆ ಅರ್ಜಿ ಹಾಕಿದ್ದರು. ನಮ್ಮ ಮನೆಯಲ್ಲಿ 'ಖರ್ಚಾ' ಅನ್ನುವುದಕ್ಕೆ ಕೋರ್ಟಿನ ಕನ್ನಡದಲ್ಲಿ 'ಜೀವನಾಂಶ' ಅನ್ನುತ್ತಾರೆ. ಈದ್‌ಗೆ ಬಂದಾಗ ನನ್ನ ಹಳೆಯ ಪುಸ್ತಕಗಳನ್ನು ಎತ್ತಿಕೊಂಡು ಹೋಗುವ ಹುಡುಗಿ ಅವಳು. ನನಗೆ ನಿದ್ದೆ ಬರಲಿಲ್ಲ.

ನಮ್ಮ ಓಣಿಯಲ್ಲಿ ವಕೀಲರ ಹತ್ತಿರ ಕೆಲಸ ಮಾಡುವ ಭಾಯಿ ಒಬ್ಬರಿದ್ದಾರೆ. ಅವರು ಒಂದು ನಮೂನೆ ತೋರಿಸಿದರು. 2020ರ ನವೆಂಬರ್ 4ರಂದು ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಜೊತೆಗೆ ಬಂದದ್ದು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ನಮ್ಮ ಅಕೌಂಟೆನ್ಸಿ ಪುಸ್ತಕದ ಮಾತೇ ಅಲ್ಲವೇ ಇದು! ರೈತರಿಗೆ ಬೇರೆಯೇ ನಮೂನೆ ಇದೆ. ಹೊಲ ಎಷ್ಟು, ನೀರಾವರಿಯೋ ಒಣ ಬೇಸಾಯವೋ, ಯಾವ ಬೆಳೆ, ಮೂರು ವರ್ಷದ ಆದಾಯ ಎಷ್ಟು, ಸಾಲ ಎಷ್ಟು ಎಂದೆಲ್ಲ ಕೇಳುತ್ತದೆ. ಕೆಳಗೆ ಎಮ್ಮೆ, ಆಕಳು, ಆಡು, ಕೋಳಿ ಎಷ್ಟಿವೆ, ಅವುಗಳಿಂದ ಬರುವುದೆಷ್ಟು ಎಂದೂ ಇದೆ. 'ಆಡು' ಎಂಬಲ್ಲಿಗೆ ಬಂದಾಗ ನನ್ನ ಎದೆ ಧಸಕ್ಕೆಂದಿತು.

ಕೋರ್ಟಿಗೆ ಬೇಕೆಂದೇ ಸುಳ್ಳು ಪ್ರಮಾಣಪತ್ರ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲು, ದಂಡ ಬೇರೆ. ಆದೇಶವಾದ ಮೇಲೂ ಕಾರಣವಿಲ್ಲದೆ ಹಣ ಕೊಡದಿದ್ದರೆ ಕೋರ್ಟು ವಾರಂಟ್ ಹೊರಡಿಸಿ ವಸೂಲಿಗೆ ಇಳಿಯುತ್ತದೆ. ಆಗಲೂ ಉಳಿದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಮೊದಲು ಇದು ಸಿಆರ್‌ಪಿಸಿಯ 125ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಎಂದು ನಾನೂ ತಿಳಿದಿದ್ದೆ. ತೀರುವುದಿಲ್ಲ, 1988ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಜೈಲುವಾಸವನ್ನು ಖಾತೆಯ ಕ್ರೆಡಿಟ್ ಕಡೆ ಬರೆಯಲು ಬರುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಚಾಚಾ, "ಅದು ನಮಗೆ ಹತ್ತೋದಿಲ್ಲ. ನಮಗೆ 1986ರ ಕಾಯ್ದೆ ಬೇರೆ ಐತಿ" ಅಂದರು. ಆ ಕಾಯ್ದೆಯಲ್ಲಿ ಮಗು ಹುಟ್ಟಿದ ಎರಡು ವರ್ಷದವರೆಗೆ ಎಂಬ ಮಾತು ಇರುವುದು ನಿಜ. ಬಿಹಾರದ ನೂರ್ ಸಬಾ ಖಾತೂನ್ ಅವರ ಗಂಡನೂ ಅದನ್ನೇ ಹಿಡಿದು ಕೂತಿದ್ದರು. ಮೂರು ಮಕ್ಕಳು, ತಲಾ ತಿಂಗಳಿಗೆ 150 ರೂಪಾಯಿಯ ವಿಷಯ! 1997ರಲ್ಲಿ ಸುಪ್ರೀಂ ಕೋರ್ಟು ಆ ಎರಡು ವರ್ಷ ತಾಯಿಗೆ ಸಂಬಂಧಿಸಿದ್ದು, ಮಕ್ಕಳ ಹಕ್ಕು ಬೇರೆ, ಹೆಣ್ಣುಮಕ್ಕಳನ್ನು ಮದುವೆಯವರೆಗೂ ನೋಡಿಕೊಳ್ಳುವುದು ತಂದೆಯ ಹೊಣೆ ಎಂದಿತು.

ಚಾಚಾ ಕೋರ್ಟಿನ ಮಾತಿಗೆ ಬಗ್ಗಲಿಲ್ಲ. ಆಗ ದಾದಿ ತಸ್ಬೀಹ್ ಕೆಳಗಿಟ್ಟು ಹಿಂದ್ ಬಿಂತ್ ಉತ್ಬಾರ ಹದೀಸ್ ಹೇಳಿದರು. ಗಂಡ ಜಿಪುಣ, ಮನೆಗೆ ಸಾಕಾಗುವಷ್ಟು ಕೊಡುವುದಿಲ್ಲ ಎಂದು ಆಕೆ ದೂರಿದಾಗ, ನಿನಗೂ ಮಕ್ಕಳಿಗೂ ನ್ಯಾಯವಾಗಿ ಬೇಕಾದಷ್ಟನ್ನು ಅವನ ಹಣದಿಂದ ತೆಗೆದುಕೋ ಎಂದು ಪ್ರವಾದಿ (ಸ) ಹೇಳಿದರಂತೆ. ಚಾಚಾ ಚಹಾ ಕುಡಿಯದೆ ಎದ್ದುಹೋದರು. ನನ್ನ ಐವತ್ತು ರೂಪಾಯಿ ಅವರ ಬೈಕಿನ ಸೀಟಿನ ಮೇಲಿಟ್ಟು ಬಂದೆ, ತೆಗೆದುಕೊಂಡರೋ ಗಾಳಿಗೆ ಹೋಯಿತೋ ಕೇಳಿಲ್ಲ.

ಒಂದು ವಾರ ಅವರು ನಮ್ಮ ಮನೆ ಕಡೆ ಸುಳಿಯಲಿಲ್ಲ. (ಇದನ್ನು ಬರೆಯಲು ಅವರನ್ನು ಕೇಳಿದ್ದೇನೆ. ಹೆಸರು ಹಾಕಬೇಡ ಅಂದರು, ಅಷ್ಟೇ.) ಆಮೇಲೆ ಒಂದು ಸಂಜೆ ಬಂದು, ಸಂತೆಗೆ ಒಯ್ಯುವ ಎಣ್ಣೆಜಿಡ್ಡಿನ ಕಿಸೆ ಡೈರಿಯನ್ನು ನನ್ನ ಮುಂದೆ ಇಟ್ಟರು. ನಾನು ಹಳೆಯ ಎರಡು ಪುಟ ಹರಿದು ಹೊಸದಾಗಿ ಶುರು ಮಾಡಿದೆ. ಈಗ ಇರುವ ಆಡು ಹದಿನಾಲ್ಕು.

"ಮಳೆಗಾಲದಾಗ ಎರಡು ಸತ್ತಾವು," ಅಂದರು ಚಾಚಾ. "ಅದನ್ನೂ ಬರಿ."