ಹಾಲ್ಗಡಲ ದಾರಿಯಲ್ಲಿ ಒಂದು ದಿನ

ಆಸ್ಟ್ರೇಲಿಯಾದಲ್ಲಿರುವ ನನ್ನ ತಂಗಿಯ ಮಗನು ಕಳೆದ ಶ್ರಾವಣದಲ್ಲಿ ಅಲ್ಲಿಯ ಕುರಾಂಡಾ ಎಂಬ ಊರಿನ ಕೆಲವು ಚಿತ್ರಗಳನ್ನು ಮೊಬೈಲಿಗೆ ಕಳಿಸಿದ್ದನು. 7.5 ಕಿಲೋಮೀಟರು ಉದ್ದದ ತಂತಿಗೆ ಜೋತ ಗಾಜಿನ ತೊಟ್ಟಿಲುಗಳು ಮಳೆಗಾಡಿನ ನೆತ್ತಿಯನ್ನು ಸವರಿಕೊಂಡು ಹೋಗುತ್ತವೆ. 1995ರಿಂದ ನಡೆದಿರುವ ಆ ತಂತಿದಾರಿಯಲ್ಲಿ ಬೆಟ್ಟವೇರಿದವರು, 1891ರಲ್ಲಿ ಸಿದ್ಧವಾದ ಹಳೆಯ ರೈಲುದಾರಿಯಲ್ಲಿ 15 ಸುರಂಗಗಳನ್ನು ದಾಟಿ ಇಳಿಯುತ್ತಾರಂತೆ. “ಅಜ್ಜಿಗೆ ತೋರಿಸಿರಿ ಮಾಮಾ” ಎಂದು ಅವನು ಬರೆದಿದ್ದನು.

ಎಪ್ಪತ್ತೆಂಟು ವರ್ಷದ ನಮ್ಮ ಅವ್ವ ಆ ಚಿತ್ರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. “ಹಗ್ಗಕ್ಕ ಜೋತುಬಿದ್ದು ಅಡವಿ ನೋಡಬೇಕೇನೋ ತಮ್ಮಾ? ಹಗ್ಗ ಹರದ್ರ ಹ್ಯಾಂಗ?” ಎಂದು ನಕ್ಕಳು. ನಮ್ಮ ಗಂಗಾವತಿ ಸೀಮೆಯ ಅಂಜನಾದ್ರಿಗೂ ಇಂಥ ತೊಟ್ಟಿಲು ಬರುವುದೆಂಬ ಮಾತನ್ನು ನಾವು ಕೆಲವು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಅವ್ವನಾದರೋ ಅಲ್ಲಿಯ 575 ಮೆಟ್ಟಿಲುಗಳನ್ನು ತನ್ನ ಕಾಲುಗಳಿಂದಲೇ ಏರಿ ಇಳಿದವಳು. ಆದುದರಿಂದ ಮಾತು ಅಲ್ಲಿಗೇ ಮುಗಿಯಿತೆಂದು ನಾನು ಎಣಿಸಿದೆನು. ಆದರೆ ಅವಳು ಮೊಬೈಲನ್ನು ನನ್ನ ಕೈಗೆ ಕೊಡುತ್ತ, “ಗೋವಾಕ್ಕ ಹೋಗೂ ಗಾಡಿ ಅಡವ್ಯಾಗ ಹಾದು ಹೋಗತೈತಂತಲ್ಲ. ಅದರಾಗ ಒಮ್ಮೆ ಕರಕೊಂಡು ಹೋಗು” ಎಂದಳು.

ನನಗೆ ಆಶ್ಚರ್ಯವಾಯಿತು. ಅವ್ವ ತನಗಾಗಿ ಏನನ್ನೂ ಬೇಡಿದವಳಲ್ಲ. ಅವಳ ಒಂದು ಕಣ್ಣು ಆಗಲೇ ಮಸುಕಾಗಿತ್ತು. ಇನ್ನೊಂದರ ವಿಷಯವಾಗಿಯೂ ವೈದ್ಯರು ಹೆಚ್ಚಿನ ಭರವಸೆಯನ್ನು ಕೊಟ್ಟಿರಲಿಲ್ಲ. ನಾಲ್ಕು ದಿನಗಳೊಳಗೆ ನಾವು ಹೊರಟೆವು.

ಕೊಪ್ಪಳದಲ್ಲಿ ವಾಸ್ಕೋದ ಗಾಡಿಯನ್ನು ಹತ್ತಿ ಕಿಡಕಿಯ ಬಳಿ ಕುಳಿತೆವು. ಭಾನಾಪುರ, ತಳಕಲ್ಲು, ಬನ್ನಿಕೊಪ್ಪ, ಹರ್ಲಾಪುರಗಳು ಒಂದೊಂದಾಗಿ ಹಿಂದುಳಿದವು. ಎರಡೂ ಕಡೆಗೆ ಕರಿಯ ಎರೆಹೊಲ. ಹೆಸರಿನ ಬೆಳೆ ಗೇಣುದ್ದ ನಿಂತು ಮುಗಿಲು ನೋಡುತ್ತಿತ್ತು. ಈ ದಾರಿಯ ಹುಟ್ಟೂ ಬರಗಾಲದಿಂದಲೇ ಆದುದು. 1876-78ರ ಭೀಕರ ಬರದಲ್ಲಿ ಕಾಳು ಸಾಗಿಸಲು ದಾರಿಯಿಲ್ಲದೆ ಜನರು ಸತ್ತ ಮೇಲೆ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. ಅದರ ಹಳಿಗಳು ಬಳ್ಳಾರಿ, ಹೊಸಪೇಟೆ, ಗದಗು, ಹುಬ್ಬಳ್ಳಿಗಳನ್ನು ಪೋಣಿಸಿದವು. ಆಗ ನಮ್ಮ ಕೊಪ್ಪಳವು ನಿಜಾಮನ ಸೀಮೆಯಲ್ಲಿ ಸಾಲಾರಜಂಗರ ಜಹಗೀರಾಗಿತ್ತು. ಅತ್ತ ಗೋವೆಯ ಪೋರ್ತುಗೀಜರೊಡನೆ ಇಂಗ್ಲಿಷರು 1878ರಲ್ಲಿ ಒಪ್ಪಂದ ಮಾಡಿಕೊಂಡ ತರುವಾಯ, ಮುರಗಾಂವ ಬಂದರದಿಂದ ಘಟ್ಟವನ್ನು ಕೊರೆದು ಹಾಕಿದ ಹಳಿಯು 1888ರಲ್ಲಿ ಕ್ಯಾಸಲ್‌ರಾಕಿನವರೆಗೆ ಬಂದು ಈ ದಾರಿಯನ್ನು ಕೂಡಿತು. ಹೀಗೆ ನಮ್ಮ ಎರೆಯ ಸೀಮೆಗೆ ಕಡಲಿನ ಬಾಗಿಲು ತೆರೆಯಿತು.

ಹುಬ್ಬಳ್ಳಿಯಲ್ಲಿ ನಮ್ಮೆದುರಿನ ಆಸನಕ್ಕೆ ಒಂದು ಸಂಸಾರವು ಬಂದು ಕುಳಿತಿತು: ಗಂಡ, ಹೆಂಡತಿ, ತೊಡೆಯ ಮೇಲೊಂದು ಕೂಸು, ಗಂಟುಮೂಟೆಗಳು. ಹೆಣ್ಣುಮಗಳ ಮಾತು ಕೇಳಿದೊಡನೆಯೇ ಅವ್ವ, “ಯಾವೂರವ್ವಾ?” ಎಂದಳು.

“ಕುಷ್ಟಗಿ ಕಡೇರ್ರೀ ಯವ್ವಾ. ಗೋವಾದಾಗ ಕಟ್ಟಡದ ಕೆಲಸ. ಮಳಿ ಆದ್ರ ಊರಿಗೆ ಬರತೀವಿ, ಆಗದಿದ್ರ ಹೊಳ್ಳಿ ಹೋಗತೀವಿ.”

“ಎಷ್ಟು ಸಲ ಈ ದಾರೀಲೆ ಹೋಗೀಯವ್ವಾ?”

“ಲೆಕ್ಕ ಯಾರು ಇಟ್ಟಾರ್ರೀ?”

“ಹಾದ್ಯಾಗ ಹಾಲಿನಂಥಾ ನೀರು ಬೀಳತೈತಂತಲ್ಲ, ನೋಡಿಯೇನು?”

ಆ ತಾಯಿ ಗಂಡನ ಮುಖವನ್ನು ನೋಡಿದಳು. “ಇಲ್ಲರೀ ಯವ್ವಾ. ಗಾಡಿ ಹತ್ತಿದ್ರ ನಿದ್ದಿ ಬರತೈತಿ” ಎಂದಳು. ಸ್ವಲ್ಪ ಹೊತ್ತಿಗೆ ಗೋಡೆಗೆ ತಲೆಯಾನಿಸಿ ಮಲಗಿಯೂ ಬಿಟ್ಟಳು.

ಧಾರವಾಡವನ್ನು ದಾಟಿ ಅಳ್ನಾವರದಿಂದ ಮುಂದಕ್ಕೆ ಭೂಮಿಯ ಬಣ್ಣವೇ ಬದಲಾಯಿತು. ಮೊದಲು ತೇಗ, ಬಿದಿರುಗಳ ಕಾಡು. ಲೋಂಡಾದ ಆಚೆಗೆ ವರ್ಷವಿಡೀ ಹಸಿರಾಗಿರುವ ದಟ್ಟಡವಿ. ಮರದ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಹಾವಸೆ, ಎಲ್ಲದರ ಮೇಲೆ ಮಂಜು. ಹಳಿಯ ಪಕ್ಕದ ಬಂಡೆಗಳಿಂದಲೂ ನೀರು ಒಸರುತ್ತಿತ್ತು. ಕ್ಯಾಸಲ್‌ರಾಕಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. 1961ರಲ್ಲಿ ಗೋವೆಯು ಬಿಡುಗಡೆಯಾಗುವವರೆಗೆ ಇದು ಗಡಿಯ ನಿಲ್ದಾಣ; ಸುಂಕದವರ ತಪಾಸಣೆ ಇಲ್ಲಿಯೇ ಆಗುತ್ತಿತ್ತು. ಇಲ್ಲಿಂದ ಕುಳೆಮ್‌ವರೆಗಿನ ಇಳಿಜಾರು ಕಡಿದಾದುದು: 37 ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ಏರುವ ಗಾಡಿಗಳಿಗೆ ಹಿಂದಿನಿಂದ ನೂಕಲು ಬೇರೆ ಎಂಜಿನುಗಳನ್ನು ಹಚ್ಚುತ್ತಾರೆ.

ನಾವು ನಿಂತಿದ್ದಾಗ ಅಂಥ ಒಂದು ಸರಕು ಗಾಡಿಯು ಏದುಸಿರು ಬಿಡುತ್ತ ಮೇಲೆ ಬಂದಿತು. ತುಂಬ ಕಲ್ಲಿದ್ದಲು. ಬಂದರದಿಂದ ಬಂದ ಈ ಇದ್ದಲು ನಮ್ಮ ಹೊಸಪೇಟೆ, ತೋರಣಗಲ್ಲುಗಳ ಕಡೆಯ ಉಕ್ಕಿನ ಒಲೆಗಳಿಗೆ ಹೋಗುವುದು. ಇದೇ ಘಟ್ಟದಲ್ಲಿ ಎರಡನೆಯ ಹಳಿಯನ್ನು ಹಾಕುವ ಯೋಜನೆಗೆ ವನ್ಯಜೀವಿ ಮಂಡಳಿಯು ಕೊಟ್ಟ ಒಪ್ಪಿಗೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ರದ್ದುಗೊಳಿಸಿತು. ಹಳಿಯ ಈಚೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆಚೆ ಮೊಲೆಮ್ ರಾಷ್ಟ್ರೀಯ ಉದ್ಯಾನ. ಮರ ಕಡಿಯಬಾರದೆಂದು ಹೇಳುವುದು ನನಗೆ ಸುಲಭ. ಆದರೆ ನಮ್ಮ ನೆರೆಹೊರೆಯ ಎಷ್ಟೋ ಮನೆಗಳ ಅನ್ನವು ಆ ಒಲೆಗಳನ್ನು ನಂಬಿದೆ. ಅದೇ ಒಲೆಗಳ ಕರಿಯ ಧೂಳನ್ನು ನಮ್ಮ ಅಂಗಳದಿಂದ ಗುಡಿಸುವವರೂ ನಾವೇ. ಈ ಎರಡು ಮಾತುಗಳ ನಡುವೆ ನಾನು ಬಾಯಿ ಮುಚ್ಚಿ ಕುಳಿತೆನು.

ಓದುಗರಿಗೆ ಇನ್ನೊಂದು ಸಂಗತಿಯನ್ನು ಹೇಳಬೇಕು. ಪಡುವಣ ಕಡಲಿನಿಂದ ಬರುವ ಮುಂಗಾರು ಗಾಳಿಯು ಈ ಘಟ್ಟಕ್ಕೆ ಎದೆಗೊಟ್ಟು ಮೇಲೇರುತ್ತದೆ, ತಣಿಯುತ್ತದೆ, ಹೊತ್ತ ನೀರನ್ನೆಲ್ಲ ಇಲ್ಲಿಯೇ ಸುರಿಯುತ್ತದೆ. ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕ ಮಳೆ. ಬರಿದಾದ ಮೋಡವು ಮೂಡಲಿಗೆ ಸಾಗಿ ನಮ್ಮ ಯಲಬುರ್ಗಿ, ಕುಷ್ಟಗಿಗಳನ್ನು ತಲಪುವಾಗ ಉಳಿಯುವುದು ಸುಮಾರು 600. ಹಾಗಾದರೆ ಈ ಕಾಡಿನ ಸಿರಿಯೂ ನಮ್ಮ ಹೊಲದ ಬಡತನವೂ ಒಂದೇ ಮೋಡದ ಮಕ್ಕಳು. ಇದನ್ನು ಅವ್ವನಿಗೆ ಬಿಡಿಸಿ ಹೇಳಿದೆನು. ಅವಳು, “ಅಣ್ಣಗ ಉಣಿಸಿ ತಮ್ಮಗ ಉಪಾಸ ಕೆಡವಿತು, ಅನ್ನು” ಎಂದಳು. ಆ ಮೇಲೆ, ನಾನು ಕೇಳದೆಯೇ, ಮಾತಾಡತೊಡಗಿದಳು.

ಅವಳಿಗೊಬ್ಬ ತಮ್ಮನಿದ್ದನೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಗೊತ್ತಿರಲಿಲ್ಲ. 1972ರ ಬರದಲ್ಲಿ ಅವ್ವ ಯಲಬುರ್ಗಿ ತಾಲೂಕಿನ ತನ್ನ ಊರಿನಲ್ಲಿ ಕೂಲಿಗೆ ಕಲ್ಲು ಒಡೆದಳು; ಹತ್ತೊಂಬತ್ತರ ತಮ್ಮನು ಬಂದರದ ಕೂಲಿಗೆಂದು ಗುಳೆ ಹೊರಟನು. ನಿಲ್ದಾಣದವರೆಗೆ ಬುತ್ತಿ ಹೊತ್ತು ಹೋದವಳು ಅವ್ವನೇ. ಮೂರು ವರ್ಷ ಅವನು ಹಣ ಕಳಿಸಿದನು. ನಾಲ್ಕನೆಯ ವರ್ಷ, ಜ್ವರದಿಂದ ತೀರಿಕೊಂಡನೆಂಬ ಸುದ್ದಿ, ಅವನು ಮಣ್ಣಾದ ಎಂಟು ದಿನಗಳ ಮೇಲೆ ಬಂದಿತು. “ಅಂವ ಹ್ವಾದ ದಾರಿ ಹ್ಯಾಂಗೈತಿ ಅಂತ ನಾ ನೋಡಿದ್ದಿಲ್ಲ. ಕಣ್ಣು ಹೋಗೂದರಾಗ ನೋಡಬೇಕಾಗಿತ್ತು” ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ.

ಗಾಡಿ ಇಳಿಯತೊಡಗಿತು. ಒಂದು ಸುರಂಗ, ಬೆಳಕು, ಮತ್ತೊಂದು ಸುರಂಗ. ಬಳಿಕ ಡಬ್ಬಿಯಲ್ಲೆಲ್ಲ ಗದ್ದಲವೆದ್ದಿತು. ಸುಮಾರು 310 ಮೀಟರು ಎತ್ತರದಿಂದ ನೀರು ಮಜಲು ಮಜಲಾಗಿ ಧುಮುಕುತ್ತಿತ್ತು. ನಮ್ಮ ಗಾಡಿಯು ಅದರ ನಡುವಿನ ಕಲ್ಲಿನ ಕಮಾನು ಸೇತುವೆಯ ಮೇಲೆ ಮೆಲ್ಲಗೆ ಸಾಗುತ್ತಿತ್ತು. ತುಂತುರು ಕಿಡಕಿಯೊಳಗೆ ಬಂದು ಅವ್ವನ ಮುಖವನ್ನು ತೋಯಿಸಿತು. ದೂಧಸಾಗರವೆಂಬ ಹೆಸರು ಸುಳ್ಳಲ್ಲ. ಇಷ್ಟು ನೀರು ಯಾರ ಕೊಡಕ್ಕೂ ಸಿಕ್ಕದೆ ಮಾಂಡೋವಿಯನ್ನು ಕೂಡಿ ಕಡಲಿಗೆ ಹೋಗುತ್ತದೆಂದು ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಅವ್ವ ಲೆಕ್ಕ ಹಾಕಲಿಲ್ಲ. ಮುಂದಕ್ಕೆ ಬಾಗಿ, ಮಲಗಿದ್ದ ಕುಷ್ಟಗಿಯ ಹೆಣ್ಣುಮಗಳ ಮೊಣಕಾಲನ್ನು ತಟ್ಟಿ, “ಏಳವ್ವಾ, ಎದ್ದು ನೋಡು” ಎಂದಳು.

ಅವಳು ಬೆಚ್ಚಿ ಎದ್ದಳು. ಕೂಸನ್ನೆತ್ತಿಕೊಂಡು ಕಿಡಕಿಗೆ ಬಂದಳು. ಕೂಸು ಕೈಚಾಚಿ ಹನಿಗಳನ್ನು ಹಿಡಿಯತೊಡಗಿತು. ತಾಯಿಯು, “ಯವ್ವಾ, ಇಷ್ಟು ದಿನ ಇದರ ಬಗಲಾಗ ಮಲಗಿಕೊಂಡ ಹ್ವಾದೆ?” ಎಂದಳು. ಅವ್ವ ನನ್ನ ಕಡೆಗೆ ತಿರುಗಿ, ಮೆಲ್ಲಗೆ, “ಅಂವನೂ ದಣದು ಮಲಗಿದ್ನೇನೋ. ಇಲ್ಲಾ, ಯಾರರ ಎಬ್ಬಿಸಿರಬೇಕು” ಎಂದಳು.

ಕುಳೆಮ್‌ನಲ್ಲಿ ಇಳಿದು, ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ತಿಂದೆವು. ಸಂಜೆಯ ಗಾಡಿಯಲ್ಲಿ ಘಟ್ಟವನ್ನು ಮತ್ತೆ ಏರಿ, ಲೋಂಡಾ, ಹುಬ್ಬಳ್ಳಿಗಳ ಮೇಲಿಂದ ನಸುಕಿನಲ್ಲಿ ಮನೆ ಸೇರಿದೆವು. ತಂಗಿಯ ಮಗನಿಗೆ, ನಾವೂ ಮಳೆಗಾಡನ್ನು ನೋಡಿ ಬಂದೆವು, ಹಗ್ಗದ ಹಂಗು ಬೀಳಲಿಲ್ಲ ಎಂದು ಬರೆದೆನು.

ನೀವೂ ಒಮ್ಮೆ ಮಳೆಗಾಲದಲ್ಲಿ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿರಿ. ಜಲಪಾತದ ಬಳಿ ಇಳಿಯುವ ಸಾಹಸ ಬೇಡ. ಅಲ್ಲಿ ಇಳಿಯುವುದಕ್ಕೂ ಹಳಿಯ ಮೇಲೆ ನಡೆಯುವುದಕ್ಕೂ ರೈಲ್ವೆಯವರ ಅಪ್ಪಣೆಯಿಲ್ಲ. ಕುಳಿತಲ್ಲಿಂದಲೇ ಕಣ್ತುಂಬ ನೋಡಬಹುದು. ಎದುರಿಗೆ ದುಡಿದು ದಣಿದವರು ಯಾರಾದರೂ ಮಲಗಿದ್ದರೆ, ಆ ಸೇತುವೆ ಬಂದಾಗ ಮೆಲ್ಲನೆ ಎಬ್ಬಿಸಿರಿ.